ಇಲ್ಲದ ಬ್ರೇಕು

ಬಿಜಾಪುರ ಸ್ಟ್ಯಾಂಡಿನಾಗ ಬೆಳಗಾವಿ ಬಸ್ಸು.
ಡ್ರೈವರನ ಹಿಂದಿನ ಸೀಟು ಖಾಲಿ ಇತ್ತು, ಒಲ್ಲೆ ಅಂತ
ಐದನೇ ಸಾಲಿನ ಕಿಟಕಿ ಹಿಡದೆ.
ಇಪ್ಪತ್ತೊಂದು ವರ್ಷದಾಗ ಇದ ಮೊದಲು
ನನ್ನ ಕೈಯಾಗ ಟಿಕೀಟು.
ಅಂಗಿ ಕಿಸೇದಾಗ ಮಾತ್ರ
ಕಾರ್ಡಿನ ಅಂಚು ಕೂತ ಗೆರಿ ಹಂಗ ಐತಿ,
ಎಷ್ಟು ಒಗದ್ರೂ ಹೋಗವಲ್ಲದು.

ಮುಳವಾಡ ಹತ್ರ ಎಮ್ಮಿ ಅಡ್ಡ ಬಂತು.
ನನ್ನ ಬಲಗಾಲು ತಾನಾಗೇ ಒತ್ತಿತು,
ತಗಡಿನ ನೆಲ.
ಬಸ್ಸು ನಿಂತಿತು.
ನಿಲ್ಲಿಸಿದಾಂವ ನಾ ಅಲ್ಲ.

ಬಾಜೂಕ್ಕ ಕುಂತಾಕಿ ಕೇಳಿದಳು:
‘ಯಾಕ ತಮ್ಮಾ, ಕಾಲು ಹಿಡದೈತೇನು?’
ಹೂಂ ಯವ್ವ, ಹಿಡದೈತಿ.
ಲೈಸೆನ್ಸೂ ಹಿಡದಾರ.
ಎರಡನೇ ಮಾತು ಹೊರಗ ಬರಲಿಲ್ಲ.

ತೊಡಿ ಮ್ಯಾಲ ಪ್ಲಾಸ್ಟಿಕ್ ಫೈಲು.
ಕ್ರೂಸರಿನ ಒಳಗ ಹತ್ತೊಂಬತ್ತು ಮಂದಿ, ಟಾಪ್ ಮ್ಯಾಲ ಏಳು;
ಆರು ತಿಂಗಳು ಅಮಾನತು;
ಮೂವತ್ತು ದಿನದೊಳಗ ಮೇಲ್ಮನವಿ ಹಾಕಬಹುದು.
ಇವತ್ತಿಗೆ ಇಪ್ಪತ್ತೆಂಟು.

ನಾಗಠಾಣ ವಕೀಲರು ಹೇಳಕೋತ ಹೋದರು,
ಕಲಾವತಿ ಟೈಪ್ ಮಾಡಕೋತ ಹೋದಳು:
‘ಸದರಿ ದಿನ ಸಾರಿಗೆ ಬಸ್ಸು ಬಾರದ ಕಾರಣ
ಪರೀಕ್ಷೆಗೆ ಹೊರಟ ಮಕ್ಕಳ ಸಂಕಟ ನೋಡಲಾರದೆ
ಕೇವಲ ಮಾನವೀಯತೆಯಿಂದ...’
ವಕೀಲರ, ಅವತ್ತು ಐತವಾರ ಇತ್ತು.
ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು:
‘ಬಂದೇನವಾಜ, ನಿನಗ ಲೈಸೆನ್ಸ್ ಬೇಕೋ
ಕ್ಯಾಲೆಂಡರ್ ಬೇಕೋ?’
ಕಲಾವತಿ ಬೆರಳು ಎತ್ತಿ ಕಾದಳು.
ನಾ ಸುಮ್ಮನಾದೆ.
ಪುಟಕ್ಕ ಇಪ್ಪತ್ತು ರೂಪಾಯಿ.

ಕೊಲ್ಹಾರ. ಮೊಸರಿನ ಗಡಿಗಿ
ಕಿಟಕಿ ತನಕ ಎತ್ತಿ, ಬೋರಲು ಹಾಕಿ ತೋರಸ್ತಾರ.
ಒಂದು ಹನಿ ಬೀಳೂದಿಲ್ಲ.
ಟಾಪಿನ ಮಂದಿನ್ನ ನಾನೂ ಹಿಂಗ ತೋರಸ್ತಿದ್ದೆ:
ಹತ್ರಿ, ಬೀಳೂದಿಲ್ಲ, ನನ್ನ ಗಾಡಿ ಐತಿ.
ಒಳಗ ಅರವತ್ತು, ಮ್ಯಾಲ ನಲವತ್ತು.
ಒಳಗಿನ ರೊಕ್ಕ ಡೀಸೆಲ್‌ಗೆ, ಕಂತಿಗೆ.
ಮ್ಯಾಲಿಂದು ನಂದು.

ಆಮ್ಯಾಲ ಸೇತುವೆ.
ಎರಡೂ ಕಡೆ ಕೃಷ್ಣೆಯ ನಿಂತ ನೀರು,
ಅದು ಮುಗಿಯೂದ ಇಲ್ಲ.
ಆ ಐತವಾರ ಇಲ್ಲೇ, ನಡುವಿನ್ಯಾಗ,
ಮ್ಯಾಲಿಂದ ಒಂದು ಚಪ್ಪಲಿ ಬಿತ್ತು.
ಕೆಂಪು ಪಟ್ಟಿದು, ಸಣ್ಣ ಸೈಜು.
ಗಾಜಿಗೆ ಬಡದು, ಕಟಾಂಜನ ಹಾರಿ ಹೋತು.
ಚಪ್ಪಲಿ ಹಿಂದ ಕಾಲು ಬರತೈತಿ ಅಂತ
ನಾ ನೋಡಕೋತನ ಇದ್ದೆ.
ಬ್ರೇಕ್ ಒತ್ತಿದ್ರ ಏಳೂ ಮಂದಿ ಮುಂದಕ್ಕ ಹಾರತಿದ್ರು.
ಒತ್ತಲಿಲ್ಲ.
ಪೆಡಲಿನ ಮ್ಯಾಲ ಕಾಲು ತಡದು ಹಿಡದೆ,
ದಂಡಿ ಮುಟ್ಟೂ ತನಕ.
ಮ್ಯಾಲಿದ್ದ ಹುಡುಗ ನಗತಿದ್ದ. ನನಗ ಕೇಳಸ್ತಿತ್ತು.
ದಂಡ್ಯಾಗ ಇನ್ಸ್‌ಪೆಕ್ಟರು ಕೈ ಮಾಡಿದಾಗ
ಖರೇ ಹೇಳ್ತೀನಿ, ನನಗ ಸಿಟ್ಟು ಬರಲಿಲ್ಲ.

ಇದನ್ನ ಕಲಾವತಿ ಟೈಪ್ ಮಾಡಿಲ್ಲ.

ಬೆಳಗಾವ್ಯಾಗ ಜಿಟಿಜಿಟಿ ಮಳಿ.
ಬೆಂಚಿನ ಮ್ಯಾಲ ಚಿಕ್ಕೋಡಿ ಕಬ್ಬಿನ ಲಾರಿಯಾಂವ,
ಒಂದ ಗಾಲಿ ಮ್ಯಾಲ ಬೈಕ್ ಓಡಿಸಿ ಸಿಕ್ಕ ಖಾನಾಪುರದ ಹುಡುಗ,
ಅವನ್ನ ಬೈಕೋತ ಅವರವ್ವ.
ಟಪಾಲ ಕಿಟಕಿಯಾಗ ಗುಮಾಸ್ತ ಕೈ ಚಾಚಿದ.
‘ಪೆನ್ನು ಕೊಡ್ರಿ ಸರ’ ಅಂದೆ.
ಮಕ್ಕಳ ಸಂಕಟದ ಮ್ಯಾಲ ಗೀಟು ಎಳದೆ,
ಮಾನವೀಯತೆ ಮ್ಯಾಲ ಎರಡು ಗೀಟು.
ಬಾಜೂಕ್ಕ ಬರದೆ:
ರೊಕ್ಕಕ್ಕ ಹತ್ತಿಸಿದ್ದು ಖರೇ.
ಕಂತು ಹನ್ನೊಂದು ಸಾವಿರದ ನಾಲ್ಕುನೂರು.
ಆರರಾಗ ಮೂರು ತಿಂಗಳು ಕಡಿಮಿ ಮಾಡ್ರಿ.
ಟಾಪಿನ ಕಬ್ಬಿಣ ಗ್ಯಾಸ್ ಹಚ್ಚಿ ಕೊಯ್ಸೀನಿ,
ಫೋಟೋ ಹಚ್ಚೀನಿ.

ಗುಮಾಸ್ತ ಓದಿದ, ನನ್ನ ಮುಖ ನೋಡಿದ.
‘ಹಿಂಗ ಬರದ್ರ ಯಾರು ಕೊಡ್ತಾರೋ?’
ಶಿಕ್ಕಾ ಹೊಡದ.
ತಾರೀಖು ಕಾರ್ಡಿನ್ಯಾಗ ತಿಳಸ್ತಾರಂತ.

ರಾತ್ರಿ ಬಸ್ಸಿನ ಡ್ರೈವರ ಎಳೇ ಹುಡುಗ,
ಗೇರು ಬದಲಿಸಿದಾಗೊಮ್ಮೆ ಗಾಡಿ ಹಲ್ಲು ಕಡೀತಿತ್ತು.
ಬೈಯಾಕ ಬಾಯಿ ತೆರದೆ, ಮುಚ್ಚಿದೆ.
ಸೇತುವೆ ಬಂತು.
ಚಪ್ಪಲಿ ಬಿಚ್ಚಿ, ಬಲಗಾಲು ಮಡಚಿ
ಅದರ ಮ್ಯಾಲ ಕುಂತೆ.
ಬಸ್ಸು ತನ್ನಷ್ಟಕ್ಕ ತಾ ದಾಟಿತು.